ಅಯೋವಾದ ಗಡಿ ದಾಟಿದಾಗ ಬದಲಾಗುವ ಮನಸ್ಸು

2010ರ ನವೆಂಬರ್‌ನಲ್ಲಿ ಅಥೆನ್ಸ್‌ನ ಇಂಧನ ಸಮ್ಮೇಳನವೊಂದರಲ್ಲಿ ಅಲ್ ಗೋರ್ ತಮ್ಮದೊಂದು ತಪ್ಪನ್ನು ಒಪ್ಪಿಕೊಂಡರು. ಮೆಕ್ಕೆಜೋಳದ ಎಥನಾಲ್‌ಗೆ ಭಾರಿ ಸಬ್ಸಿಡಿ ಕೊಟ್ಟದ್ದು ಒಳ್ಳೆಯ ನೀತಿಯಲ್ಲ ಎಂದರು. ತವರು ರಾಜ್ಯವಾದ ಟೆನೆಸಿಯ ರೈತರ ಕಡೆಗೆ ಹೆಚ್ಚು ಗಮನ ಕೊಟ್ಟದ್ದು ಅದಕ್ಕೆ ಒಂದು ಕಾರಣ, ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲು ಹೊರಟಿದ್ದರಿಂದ, ಆಯ್ಕೆಯ ಮೊದಲ ಸುತ್ತು ನಡೆಯುತ್ತಿದ್ದ ಅಯೋವಾದ ರೈತರ ಮೇಲೆ ಮೂಡಿದ್ದ ವಿಶೇಷ ಒಲವು ಇನ್ನೊಂದು ಎಂದೂ ಹೇಳಿದರು. ಇದು ಸಣ್ಣ ಮಾತಲ್ಲ. 1994ರ ಆಗಸ್ಟ್‌ನಲ್ಲಿ ಪೆಟ್ರೋಲ್‌ನಲ್ಲಿ ಎಥನಾಲ್‌ಗೆ ಜಾಗ ಮಾಡಿಕೊಡುವ ನಿಯಮ ಸೆನೆಟ್‌ಗೆ ಬಂದು ಮತಗಳು 50–50 ಆದಾಗ, ಉಪಾಧ್ಯಕ್ಷರಾಗಿ ನಿರ್ಣಾಯಕ ಮತ ಹಾಕಿ ಅದನ್ನು ಉಳಿಸಿದವರು ಇದೇ ಗೋರ್. ಹದಿನಾರು ವರ್ಷಗಳ ನಂತರ, ಮತ ಕೇಳುವ ಅಗತ್ಯವೇ ಇಲ್ಲದ ಹೊತ್ತಿನಲ್ಲಿ, ಅಯೋವಾದಿಂದ ಸಾವಿರಾರು ಮೈಲಿ ದೂರದ ಊರಿನಲ್ಲಿ ಸತ್ಯ ಹೊರಬಂತು. ಇಂಥ ಸತ್ಯ ಏಕೆ ಸದಾ ಚುನಾವಣೆ ಮುಗಿದ ಮೇಲೆಯೇ, ಹೊಲಗಳಿಂದ ದೂರದಲ್ಲಿಯೇ ಕೇಳಿಸುತ್ತದೆ ಎಂಬುದು ನನ್ನ ಪ್ರಶ್ನೆ.

ಕೃಷಿನಾಡಿನಲ್ಲಿ ಪ್ರಚಾರಕ್ಕೆ ಇಳಿದೊಡನೆ ಎಥನಾಲ್ ಬಗೆಗಿನ ನಿಲುವನ್ನು ತಿರುವಿ ಹಾಕುವ ರಾಜಕಾರಣಿಗಳ ಪರವಾಗಿ ಒಂದು ಸಮರ್ಥನೆ ಚಾಲ್ತಿಯಲ್ಲಿದೆ. ಜನಪ್ರತಿನಿಧಿಯಾಗುವವನು ಜನರ ಬಳಿಗೆ ಹೋಗಬೇಕು, ಅವರ ಕಷ್ಟಸುಖ ಕೇಳಬೇಕು, ಕೇಳಿದ ಮೇಲೆ ಹಳೆಯ ಅಭಿಪ್ರಾಯ ಬದಲಾದರೆ ಅದು ದೋಷವಲ್ಲ, ಪ್ರಜಾಪ್ರಭುತ್ವದ ಗುಣ ಎನ್ನುತ್ತದೆ ಅದು. ನ್ಯೂಯಾರ್ಕಿನಲ್ಲೋ ಅರಿಜೋನಾದಲ್ಲೋ ಕುಳಿತವರಿಗೆ ಮೆಕ್ಕೆಜೋಳದ ರೈತನ ಬದುಕು ಕಾಣುವುದಿಲ್ಲ, ಹತ್ತಿರ ಹೋದಾಗ ಕಾಣುತ್ತದೆ, ಕಂಡಾಗ ಮನಸ್ಸು ಮಿದುವಾಗುತ್ತದೆ ಎಂಬ ವಿವರಣೆಯೂ ಇದರ ಜೊತೆಗಿದೆ. ಇದನ್ನು ಅಷ್ಟಾಗಿ ಒಪ್ಪದವರು ಕೂಡ, ಹೇಗೂ ರೈತನಿಗೆ ಒಳ್ಳೆಯದಾಯಿತಲ್ಲ, ಒಂದಿಷ್ಟು ಮಾತು ತಪ್ಪಿದರೆ ನಷ್ಟ ಯಾರಿಗೆ ಎಂದು ಸುಮ್ಮನಾಗುತ್ತಾರೆ. ಈ ಎರಡೂ ಮಾತು ಸುಳ್ಳು ಎಂಬುದು ನನ್ನ ವಾದ. ಗಡಿ ದಾಟಿದಾಗ ಬದಲಾಗುವ ಮನಸ್ಸು ರೈತನ ಮಾತು ಕೇಳಿದ ಮನಸ್ಸಲ್ಲ. ಅದು ರೈತನನ್ನು ಒಂದೇ ಬೆಲೆಗೆ ಸಿಗುವ ಮತವೆಂದು ಲೆಕ್ಕ ಹಾಕಿದ ಮನಸ್ಸು. ಆ ಲೆಕ್ಕದಲ್ಲಿ ನಷ್ಟವಾದದ್ದು ರೈತನಿಗೇ.

ಮೊದಲು ಬದಲಾದವರನ್ನು ನೋಡೋಣ. ನ್ಯೂಜೆರ್ಸಿಯ ಸೆನೆಟರ್ ಆಗಿದ್ದ ಬಿಲ್ ಬ್ರಾಡ್ಲಿ ಎಥನಾಲ್‌ನ ತೆರಿಗೆ ವಿನಾಯಿತಿಗೆ ವಿರೋಧಿಯಾಗಿದ್ದರು. 2000ದ ಚುನಾವಣೆಗಾಗಿ ಅಯೋವಾಕ್ಕೆ ಬಂದಾಗ ಅಲ್ಲಿನ ರೈತರೊಡನೆ ಮಾತಾಡಿ ಮನಸ್ಸು ಬದಲಾಯಿಸಿದೆ ಎಂದರು. ಅದೇ ಚುನಾವಣೆಯಲ್ಲಿ, ಎಥನಾಲ್ ಸಬ್ಸಿಡಿಯನ್ನು ವಿರೋಧಿಸುತ್ತಿದ್ದ ಅರಿಜೋನಾದ ಸೆನೆಟರ್ ಜಾನ್ ಮೆಕೇನ್ ಅಯೋವಾದಲ್ಲಿ ಪ್ರಚಾರವನ್ನೇ ಮಾಡಲಿಲ್ಲ. 2003ರಲ್ಲಂತೂ, ಸಂಸತ್ತು ಕೃತಕ ಮಾರುಕಟ್ಟೆ ಕಟ್ಟಿಕೊಡದಿದ್ದರೆ ಎಥನಾಲ್ ಎಂಬ ಸರಕೇ ಇರುತ್ತಿರಲಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. 2006ರ ಆಗಸ್ಟ್‌ನಲ್ಲಿ, ಮುಂದಿನ ಸ್ಪರ್ಧೆಗೆ ನೆಲ ಹದಗೊಳಿಸುತ್ತ ಅಯೋವಾದ ಗ್ರಿನೆಲ್ ಊರಿಗೆ ಬಂದಾಗ, ಅದೇ ಎಥನಾಲ್ ಅವರ ಬಾಯಲ್ಲಿ ಅತ್ಯಗತ್ಯವಾದ ಪರ್ಯಾಯ ಇಂಧನವಾಯಿತು. ಸಬ್ಸಿಡಿಯ ವಿರೋಧವನ್ನು ಅವರು ಪೂರ್ತಿ ಬಿಡಲಿಲ್ಲ ಎಂಬುದು ಅವರಿಗೆ ಸಲ್ಲಬೇಕಾದ ಮಾತು. ಹಿಲರಿ ಕ್ಲಿಂಟನ್ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ನ್ಯೂಯಾರ್ಕಿನ ಸೆನೆಟರ್ ಆಗಿ, ಎಥನಾಲ್ ಕಡ್ಡಾಯ ಮಾಡಿದರೆ ತಮ್ಮ ರಾಜ್ಯದಲ್ಲಿ ಪೆಟ್ರೋಲ್ ದುಬಾರಿಯಾಗುತ್ತದೆ ಎಂದು 2002ರಲ್ಲಿ ವಾದಿಸಿದವರು ಅವರು. ಎಥನಾಲ್ ಮಿಶ್ರಣವನ್ನು ಕಡ್ಡಾಯಗೊಳಿಸಿದ 2005ರ ಇಂಧನ ಕಾನೂನಿಗೂ ಅವರ ಮತ ವಿರೋಧವಾಗಿಯೇ ಬಿತ್ತು. 2007ರಲ್ಲಿ ಅಯೋವಾದ ಮತದಾರರ ಮುಂದೆ ನಿಂತಾಗ 2030ರ ಹೊತ್ತಿಗೆ ವರ್ಷಕ್ಕೆ 6,000 ಕೋಟಿ ಗ್ಯಾಲನ್ ಜೈವಿಕ ಇಂಧನದ ಗುರಿಯನ್ನು ಅವರೇ ಮುಂದಿಟ್ಟರು. ವಿಸ್ಕಾನ್ಸಿನ್‌ನ ಸ್ಕಾಟ್ ವಾಕರ್ 2006ರಲ್ಲಿ ತಮ್ಮ ರಾಜ್ಯದ ಎಥನಾಲ್ ಕಡ್ಡಾಯವನ್ನು ವಿರೋಧಿಸಿದ್ದರು. 2015ರ ಮಾರ್ಚ್‌ನಲ್ಲಿ ಡೆ ಮೊಯಿನ್‌ನ ಕೃಷಿ ಶೃಂಗಸಭೆಯ ವೇದಿಕೆ ಏರಿದಾಗ ರಾಷ್ಟ್ರೀಯ ಕಡ್ಡಾಯ ಮುಂದುವರಿಯಲಿ ಎಂದರು. ಎರಡೂ ಪಕ್ಷಗಳವರು ಇದರಲ್ಲಿದ್ದಾರೆ, ಮೂರು ದಶಕಗಳಿಂದ ಇದು ನಡೆಯುತ್ತಿದೆ. ಆದ್ದರಿಂದ ಒಬ್ಬರ ಚಂಚಲತೆ ಎಂದು ತಳ್ಳಿಹಾಕುವಂತಿಲ್ಲ.

ಮನಸ್ಸು ಬದಲಾಯಿಸುವ ಹಕ್ಕು ಎಲ್ಲರಿಗೂ ಇದೆ. ಸಾಕ್ಷ್ಯ ಬದಲಾದಾಗಲೂ ನಿಲುವಿಗೆ ಅಂಟಿಕೊಂಡಿರುವವನು ಹಟಮಾರಿಯಷ್ಟೆ. ಮೆಕೇನ್ ಪರವಾಗಿ ಬಂದ ವಾದವೂ ಇದೇ: ಕಚ್ಚಾತೈಲ ಅಗ್ಗವಾಗಿದ್ದಾಗ ಎಥನಾಲ್‌ಗೆ ಅರ್ಥವಿರಲಿಲ್ಲ, ತೈಲ ದುಬಾರಿಯಾಗಿ ಇರಾಕ್ ಯುದ್ಧವೂ ಸೇರಿಕೊಂಡಾಗ ಅರ್ಥ ಬಂತು. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ವಾದ. ಆದರೆ ಕಾರಣಕ್ಕಾಗಿ ಬದಲಾದ ನಿಲುವು ಆ ಕಾರಣ ಹೋದಾಗ ಮರಳಿ ಪರೀಕ್ಷೆಗೆ ಒಳಗಾಗಬೇಕು. 2014ರ ಮಧ್ಯದಿಂದ ಕಚ್ಚಾತೈಲದ ಬೆಲೆ ಕುಸಿದು ಅರ್ಧಕ್ಕಿಂತ ಕೆಳಗಿಳಿಯಿತು. ಅಮೆರಿಕದ ಸ್ವಂತ ತೈಲ ಉತ್ಪಾದನೆ ದಶಕಗಳಲ್ಲಿ ಕಾಣದಷ್ಟು ಏರಿತು. ಎಥನಾಲ್‌ಗೆ ಕೊಟ್ಟಿದ್ದ ರಾಷ್ಟ್ರೀಯ ಭದ್ರತೆಯ ಕಾರಣ ಅಲ್ಲಿಗೆ ಬಹುಪಾಲು ಕರಗಿತು. ಆಗ 2016ರ ಚುನಾವಣೆಗೆ ಅಯೋವಾಕ್ಕೆ ಬಂದವರಲ್ಲಿ ಎಷ್ಟು ಮಂದಿ ಹಾಗಾದರೆ ಮರುಯೋಚಿಸೋಣ ಎಂದರು? ತೈಲ ಏರಿದಾಗ ಒಂದು ಸಮರ್ಥನೆ, ಇಳಿದಾಗ ಇನ್ನೊಂದು. ತೀರ್ಮಾನ ಮಾತ್ರ ಕದಲಲಿಲ್ಲ. ಹವಾಮಾನದ ಕಾರಣವೂ ಹೀಗೆಯೇ. ಮೆಕ್ಕೆಜೋಳದ ಎಥನಾಲ್ ಪೆಟ್ರೋಲ್‌ಗಿಂತ ಗಣನೀಯವಾಗಿ ಕಡಿಮೆ ಇಂಗಾಲ ಸೂಸುತ್ತದೆ ಎಂದು ಅಮೆರಿಕದ ಸರ್ಕಾರಿ ಪ್ರಯೋಗಾಲಯದ ಲೆಕ್ಕ ಹೇಳುತ್ತದೆ. ಹೊಸದಾಗಿ ಉಳುಮೆಗೆ ಬಂದ ಹುಲ್ಲುಗಾವಲು, ಹೆಚ್ಚಾಗಿ ಸುರಿದ ಗೊಬ್ಬರ ಎಲ್ಲವನ್ನೂ ಸೇರಿಸಿದರೆ ಅದು ಪೆಟ್ರೋಲ್‌ಗಿಂತ ಕಡಿಮೆಯೇನಲ್ಲ, ಶೇ 24ರಷ್ಟು ಹೆಚ್ಚೇ ಇರುವ ಸಂಭವವಿದೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟೈಲರ್ ಲಾರ್ಕ್ ಮತ್ತು ಸಂಗಡಿಗರ 2022ರ ಅಧ್ಯಯನ ಹೇಳಿತು. ಉದ್ಯಮದವರೂ ಕೆಲವು ವಿಜ್ಞಾನಿಗಳೂ ಅದನ್ನು ಕಟುವಾಗಿ ಪ್ರಶ್ನಿಸಿದ್ದಾರೆ. ವಿವಾದ ನಿಜವಾದದ್ದು. ಅಷ್ಟು ನಿಜವಾದ ವಿವಾದವನ್ನು ಅಯೋವಾದ ವೇದಿಕೆಯ ಮೇಲೆ ತೆರೆದಿಟ್ಟು, ನನಗೆ ಈ ಅಂದಾಜು ಈ ಕಾರಣಕ್ಕೆ ಒಪ್ಪಿಗೆ ಎಂದ ಅಭ್ಯರ್ಥಿಯಿದ್ದರೆ ಅವರ ಬದಲಾವಣೆಗೆ ನಾನು ತಲೆಬಾಗುತ್ತೇನೆ.

ಈಗ ಅವರು ಕೇಳಿಸಿಕೊಂಡದ್ದು ಯಾರನ್ನು ಎಂಬ ಪ್ರಶ್ನೆಗೆ ಬರೋಣ. ಈ ಚರ್ಚೆಯಲ್ಲೆಲ್ಲ ರೈತ ಎಂಬ ಒಂದೇ ಮನುಷ್ಯ ಇದ್ದಾನೆ. ಅವನು ಮೆಕ್ಕೆಜೋಳ ಬೆಳೆಯುತ್ತಾನೆ, ಎಥನಾಲ್ ಬೇಕು ಎನ್ನುತ್ತಾನೆ. ನಿಜವಾದ ಅಯೋವಾ ಹಾಗಿಲ್ಲ. ಸುಮಾರು 32 ಲಕ್ಷ ಜನರ ಆ ರಾಜ್ಯದಲ್ಲಿ ಇರುವ ಕೃಷಿ ಹಿಡುವಳಿಗಳು 87,000ದಷ್ಟು. ಕೃಷಿಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಯದು, ಉಳುವವನದಲ್ಲ. ಮೂರನೆಯ ಎರಡರಷ್ಟು ಭೂಮಿ 65 ವರ್ಷ ದಾಟಿದವರ ಹೆಸರಿನಲ್ಲಿದೆ ಎಂದು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಮೀಕ್ಷೆ ಹೇಳುತ್ತದೆ. ಎಥನಾಲ್ ಕಡ್ಡಾಯವಾದ ಮೇಲೆ ಮೆಕ್ಕೆಜೋಳದ ಬೆಲೆ ಏರಿತು. 2005ರಲ್ಲಿ ಬುಷಲ್‌ಗೆ ಎರಡು ಡಾಲರ್ ಆಸುಪಾಸಿನಲ್ಲಿದ್ದದ್ದು, ಬರವೂ ಸೇರಿಕೊಂಡ 2012ರಲ್ಲಿ ಏಳು ಡಾಲರ್ ಮುಟ್ಟಿತು. ಎರಡೇ ವರ್ಷದಲ್ಲಿ ಮತ್ತೆ ನಾಲ್ಕರ ಕೆಳಗೆ ಬಿತ್ತು. ಆದರೆ ಮೆಕ್ಕೆಜೋಳದ ಬೆಲೆ ಇಳಿದಷ್ಟು ಭೂಮಿಯ ಬೆಲೆ ಇಳಿಯಲಿಲ್ಲ. ಅದೇ ವಿಶ್ವವಿದ್ಯಾಲಯದ ಭೂಬೆಲೆ ಸಮೀಕ್ಷೆಯ ಪ್ರಕಾರ 2004ರಲ್ಲಿ ಎಕರೆಗೆ ಸರಾಸರಿ 2,629 ಡಾಲರ್ ಇದ್ದ ಅಯೋವಾದ ಭೂಮಿ 2013ರಲ್ಲಿ 8,716 ಡಾಲರ್, 2023ರಲ್ಲಿ 11,835 ಡಾಲರ್. ಏರಿಕೆಗೆ ಬಡ್ಡಿದರ ಮೊದಲಾದ ಬೇರೆ ಕಾರಣಗಳೂ ಇವೆ. ಹಾಗಿದ್ದರೂ ಖಚಿತವಾದ ಮಾರುಕಟ್ಟೆಯ ಲಾಭ ಕೊನೆಗೆ ಭೂಮಿಯ ಬೆಲೆಯಲ್ಲೂ ಗೇಣಿಯಲ್ಲೂ ಹೋಗಿ ಕೂರುತ್ತದೆ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಭೂಮಿ ಇದ್ದವನು ಇನ್ನಷ್ಟು ಶ್ರೀಮಂತನಾದ. ಗೇಣಿಗೆ ಮಾಡುವವನಿಗೂ ಹೊಸದಾಗಿ ಬೇಸಾಯಕ್ಕೆ ಇಳಿಯಬೇಕೆನ್ನುವ ಇಪ್ಪತ್ತೈದರ ಹುಡುಗಿಗೂ ಬಾಗಿಲು ಕಿರಿದಾಯಿತು. ಎಥನಾಲ್‌ನಿಂದ ರೈತನಿಗೆ ಲಾಭ ಎನ್ನುವಾಗ ಯಾವ ರೈತನಿಗೆ ಎಂದು ಯಾವ ಅಭ್ಯರ್ಥಿಯೂ ಬಿಡಿಸಿ ಹೇಳುವುದಿಲ್ಲ.

ಇನ್ನು ಪಶುಪಾಲಕರು. ಅಮೆರಿಕದಲ್ಲಿ ಅತಿ ಹೆಚ್ಚು ಹಂದಿ ಸಾಕುವ ರಾಜ್ಯ ಇದೇ ಅಯೋವಾ. ದೇಶದ ಹಂದಿಗಳಲ್ಲಿ ಮೂರರಲ್ಲಿ ಒಂದರಷ್ಟು ಅಲ್ಲಿಯವು. ಮೊಟ್ಟೆಯಲ್ಲೂ ಅದು ಮುಂಚೂಣಿಯಲ್ಲಿದೆ. ಇವರಿಗೆ ಮೆಕ್ಕೆಜೋಳ ಮಾರುವ ಸರಕಲ್ಲ, ಕೊಳ್ಳುವ ಮೇವು. ಎಥನಾಲ್ ತೆಗೆದ ಮೇಲೆ ಉಳಿಯುವ ಹಿಂಡಿ ಪಶು ಆಹಾರವಾಗಿ ಹಿಂದಿರುಗುತ್ತದೆ ಎಂಬುದು ನಿಜ, ಅದು ಬುಷಲ್‌ನ ಮೂರನೆಯ ಒಂದು ಭಾಗದಷ್ಟು. ಉಳಿದದ್ದು ಮೇವಾಗಿ ಮರಳುವುದಿಲ್ಲ. 2008ರಲ್ಲಿ ಟೆಕ್ಸಸ್ ಗವರ್ನರ್ ರಿಕ್ ಪೆರಿ ತಮ್ಮ ದನಗಾರರ ಪರವಾಗಿ ಕಡ್ಡಾಯವನ್ನು ಅರ್ಧಕ್ಕೆ ಇಳಿಸಿ ಎಂದು ಕೇಂದ್ರಕ್ಕೆ ಅರ್ಜಿ ಹಾಕಿದರು. 2012ರ ಭೀಕರ ಬರದಲ್ಲಿ ಹಂದಿ, ಕೋಳಿ, ದನ ಸಾಕುವವರ ಸಂಘಟನೆಗಳೆಲ್ಲ ಒಟ್ಟಾಗಿ ಅದನ್ನೇ ಬೇಡಿದವು. ಎರಡು ಬಾರಿಯೂ ಪರಿಸರ ಸಂರಕ್ಷಣಾ ಸಂಸ್ಥೆ ಅರ್ಜಿಯನ್ನು ತಳ್ಳಿಹಾಕಿತು. ಇವರೂ ರೈತರೇ. ಇವರ ಕೊಟ್ಟಿಗೆಯಲ್ಲಿ ನಿಂತು ಮನಸ್ಸು ಬದಲಾಯಿಸಿಕೊಂಡು ಬಂದ ಅಭ್ಯರ್ಥಿ ಯಾರು?

ನೀರಿನ ಮಾತಂತೂ ಆ ವೇದಿಕೆಗಳ ಮೇಲೆ ಏಳುವುದೇ ಅಪರೂಪ. ಡೆ ಮೊಯಿನ್ ನಗರ ಕುಡಿಯುವುದು ರಕೂನ್ ಮತ್ತು ಡೆ ಮೊಯಿನ್ ನದಿಗಳ ನೀರನ್ನು. ಮೇಲ್ಭಾಗದ ಮೆಕ್ಕೆಜೋಳ, ಸೋಯಾ ಹೊಲಗಳಿಂದ ಹರಿದು ಬರುವ ನೈಟ್ರೇಟ್ ತೆಗೆಯಲು ಆ ನಗರ ದೊಡ್ಡ ಸ್ಥಾವರವನ್ನೇ ನಡೆಸುತ್ತದೆ. 2015ರಲ್ಲಿ ನಗರದ ಜಲಮಂಡಳಿ ಮೂರು ಕೃಷಿ ಕೌಂಟಿಗಳ ಮೇಲೆ ಮೊಕದ್ದಮೆ ಹೂಡಿತು. 2017ರಲ್ಲಿ ಅದು ವಜಾ ಆಯಿತು. 2025ರ ಬೇಸಿಗೆಯಲ್ಲಿ ನೈಟ್ರೇಟ್ ಮಟ್ಟ ಎಷ್ಟು ಏರಿತೆಂದರೆ ಶುದ್ಧೀಕರಣಕ್ಕೆ ಸಾಲದೆ ಹುಲ್ಲುಹಾಸಿಗೆ ನೀರು ಬಿಡುವುದನ್ನೇ ನಿಷೇಧಿಸಬೇಕಾಯಿತು. ದೇಶದ ಎಲ್ಲೆಡೆಯಿಂದ ಪ್ರಚಾರಕರು ಬಂದಿಳಿಯುವ ನಗರವೇ ಇದು. ಇದರ ಹೋಟೆಲುಗಳ ನಲ್ಲಿಯಲ್ಲಿ ಬರುವ ನೀರೇ ಆ ನೀರು. ಹೊಲಗಳ ಹೊಣೆಯನ್ನೆಲ್ಲ ಎಥನಾಲ್ ಒಂದರ ಮೇಲೆ ಹೊರಿಸುವುದು ತಪ್ಪಾದೀತು. ಆದರೆ ಅಮೆರಿಕದ ಮೆಕ್ಕೆಜೋಳದಲ್ಲಿ ಶೇ 35ರಿಂದ 40ರಷ್ಟನ್ನು ಎಥನಾಲ್ ಸ್ಥಾವರಗಳು ಕೊಳ್ಳುವಾಗ, ಬೆಳೆ ಬದಲಾಯಿಸುವ, ಓಟ್ಸ್ ಅಥವಾ ಹುಲ್ಲನ್ನು ಸರದಿಗೆ ತರುವ ದಾರಿ ಕಷ್ಟವಾಗುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ.

ರೈತ ಮತ್ತು ಎಥನಾಲ್ ಉದ್ಯಮ ಒಂದೇ ಎಂಬ ಕಲ್ಪನೆಯನ್ನು ಒಡೆದದ್ದು ಮಾತ್ರ ಒಂದು ಕೊಳವೆಮಾರ್ಗ. ಸ್ಥಾವರಗಳಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಉತ್ತರ ಡಕೋಟಾದಲ್ಲಿ ನೆಲದಡಿ ಹೂಳುವ ಸಮಿಟ್ ಕಾರ್ಬನ್ ಸಲ್ಯೂಷನ್ಸ್ ಯೋಜನೆಗೆ ಅಯೋವಾದ ನಿಯಂತ್ರಕರು 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟರು. ಒಪ್ಪದ ರೈತರ ಹೊಲದಲ್ಲೂ ಬಲವಂತದಿಂದ ಭೂಮಿ ಪಡೆಯುವ ಅಧಿಕಾರ ಅದಕ್ಕೆ ಸಿಕ್ಕಿತು. ಹೊಲದವರು ಸಿಡಿದೆದ್ದರು. ಹಲವರು ಅದೇ ಎಥನಾಲ್ ಸ್ಥಾವರಗಳಿಗೆ ಮೆಕ್ಕೆಜೋಳ ಮಾರುವವರು. ದಕ್ಷಿಣ ಡಕೋಟಾ 2025ರ ಮಾರ್ಚ್‌ನಲ್ಲಿ ಇಂಥ ಕೊಳವೆಗೆ ಬಲವಂತದ ಭೂಸ್ವಾಧೀನವನ್ನೇ ನಿಷೇಧಿಸಿತು. ಅಯೋವಾದ ಶಾಸನಸಭೆಯೂ ಅಂಕುಶ ಹಾಕುವ ಮಸೂದೆಯನ್ನು ಅಂಗೀಕರಿಸಿತು, ಗವರ್ನರ್ ಕಿಮ್ ರೆನಾಲ್ಡ್ಸ್ 2025ರ ಜೂನ್‌ನಲ್ಲಿ ಅದನ್ನು ವೀಟೊ ಮಾಡಿದರು. ಎಥನಾಲ್‌ನ ಭವಿಷ್ಯಕ್ಕೆ ಕೊಳವೆ ಬೇಕು ಎಂದು ಉದ್ಯಮ ಹೇಳಿತು. ನಮ್ಮ ಹೊಲ ಬೇಡ ಎಂದು ರೈತ ಹೇಳಿದ. ರೈತನ ಮಾತು ಕೇಳಿ ಮನಸ್ಸು ಬದಲಾಯಿಸುವೆ ಎನ್ನುವವರ ಪ್ರಾಮಾಣಿಕತೆಗೆ ಇದಕ್ಕಿಂತ ನೇರವಾದ ಪರೀಕ್ಷೆ ಬೇಕೇ? ರೈತನೂ ಉದ್ಯಮವೂ ಒಂದೇ ಮಾತು ಹೇಳಿದಾಗ ಕಿವಿ ಚುರುಕಾಗಿದ್ದವರಿಗೆ, ಅವೆರಡೂ ಬೇರೆಯಾದಾಗ ರೈತನ ದನಿ ಮಂದವಾಗಿ ಕೇಳಿಸಿತು.

ಇನ್ನೊಂದು ನಷ್ಟ ಇದಕ್ಕಿಂತ ಆಳದ್ದು. 2007ರ ಕಾನೂನು 2022ರ ಹೊತ್ತಿಗೆ ವರ್ಷಕ್ಕೆ 3,600 ಕೋಟಿ ಗ್ಯಾಲನ್ ನವೀಕರಿಸಬಹುದಾದ ಇಂಧನ ಎಂದು ಗುರಿ ಇಟ್ಟಿತು. ಅದರಲ್ಲಿ ಮೆಕ್ಕೆಜೋಳದ ಎಥನಾಲ್‌ನಂಥದಕ್ಕೆ 1,500 ಕೋಟಿಯ ಮಿತಿ, ದಂಟು, ರವದಿ, ಹುಲ್ಲಿನಿಂದ ತೆಗೆಯುವ ಇಂಧನಕ್ಕೆ 1,600 ಕೋಟಿ. ಎರಡನೆಯದೇ ಭವಿಷ್ಯ ಎಂದು ಅಭ್ಯರ್ಥಿಗಳು ಊರೂರಲ್ಲಿ ಸಾರಿದರು. 2010ಕ್ಕೆ ಗೊತ್ತುಮಾಡಿದ್ದ 10 ಕೋಟಿ ಗ್ಯಾಲನ್‌ಗಳ ಗುರಿಯನ್ನು ಸರ್ಕಾರವೇ 65 ಲಕ್ಷಕ್ಕೆ ಇಳಿಸಬೇಕಾಯಿತು. ಅಯೋವಾದ ಎಮೆಟ್ಸ್‌ಬರ್ಗ್‌ನಲ್ಲಿ 2014ರಲ್ಲಿ ಶುರುವಾದ ಅಂಥ ಸ್ಥಾವರ 2019ರಲ್ಲಿ ಉತ್ಪಾದನೆ ನಿಲ್ಲಿಸಿತು; ಅದೇ ರಾಜ್ಯದ ನೆವಾಡಾ ಊರಿನಲ್ಲಿ ಡ್ಯುಪಾಂಟ್ 2015ರಲ್ಲಿ ತೆರೆದದ್ದು ಎರಡು ವರ್ಷದಲ್ಲಿ ಬಾಗಿಲು ಹಾಕಿತು. ಭಾಷಣ ಕೇಳಿ ದಂಟು ಕಟ್ಟಿ ಮಾರುವ ಯಂತ್ರಕ್ಕೆ ಹಣ ಹಾಕಿದವನ ಪಾಡು ಏನು? ಡೊನಾಲ್ಡ್ ಟ್ರಂಪ್ 2019ರ ಜೂನ್‌ನಲ್ಲಿ ಕೌನ್ಸಿಲ್ ಬ್ಲಫ್ಸ್‌ನ ಎಥನಾಲ್ ಸ್ಥಾವರಕ್ಕೆ ಬಂದು, ಶೇ 15 ಎಥನಾಲ್ ಬೆರೆತ ಪೆಟ್ರೋಲನ್ನು ವರ್ಷವಿಡೀ ಮಾರಲು ಅನುಮತಿ ಕೊಟ್ಟ ಸಂಭ್ರಮದಲ್ಲಿ ಭಾಗಿಯಾದರು. ಎರಡು ತಿಂಗಳಲ್ಲಿ, ಅದೇ ಆಗಸ್ಟ್‌ನಲ್ಲಿ, ಅವರ ಆಡಳಿತ 31 ಸಣ್ಣ ತೈಲ ಶುದ್ಧೀಕರಣ ಘಟಕಗಳನ್ನು ಮಿಶ್ರಣದ ಹೊಣೆಯಿಂದ ಬಿಡುಗಡೆ ಮಾಡಿತು. ಸುಮಾರು 140 ಕೋಟಿ ಗ್ಯಾಲನ್‌ನಷ್ಟು ಕಡ್ಡಾಯ ಹಾಗೆ ಬಿಟ್ಟುಹೋಯಿತು. ಮುಂದಿನ ತಿಂಗಳು ಅಯೋವಾದ ಸಿಯೂ ಸೆಂಟರ್‌ನಲ್ಲಿ ರೈತರೇ ಕಟ್ಟಿದ್ದ ಸ್ಥಾವರ ಕೆಲಸ ನಿಲ್ಲಿಸಿತು. ಶೇ 15ರ ಅನುಮತಿಯೂ ಉಳಿಯಲಿಲ್ಲ, 2021ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಆಜ್ಞೆಯಿಂದ ಹುಟ್ಟಿದ ಮಾರುಕಟ್ಟೆಯನ್ನು ಆಜ್ಞೆಯೇ ಕಸಿದುಕೊಳ್ಳಬಲ್ಲದು. ನಂಬಿಕೆಯಿಂದ ಬೆಂಬಲಿಸಿದವನು ಅಧಿಕಾರಕ್ಕೆ ಬಂದ ಮೇಲೂ ಆ ಆಜ್ಞೆಯನ್ನು ಕಾಯುತ್ತಾನೆ. ಮತಕ್ಕಾಗಿ ಬೆಂಬಲಿಸಿದವನಿಗೆ ಮತ ಬಿದ್ದ ಮೇಲೆ ತೈಲದವರ ಅರ್ಜಿ ಕೈಗೆ ಬಂದರೆ ತಡೆಯಲು ಕಾರಣವೇ ಇರುವುದಿಲ್ಲ. ನಿಲುವು ಬದಲಾವಣೆಯಿಂದ ರೈತನಿಗೆ ನಷ್ಟವಿಲ್ಲ ಎನ್ನುವವರು ಆ 2019ನ್ನು ನೆನಪಿಡಲಿ.

ಇದೆಲ್ಲ ಪಂಚಾಂಗದ ದೋಷ, ಅಯೋವಾದಲ್ಲಿ ಮೊದಲ ಸುತ್ತು ನಡೆಯುವುದರಿಂದ ಅಭ್ಯರ್ಥಿಗಳು ಬಾಗಲೇಬೇಕು, ಅವರನ್ನು ದೂರಿ ಏನು ಫಲ ಎನ್ನುವ ಮಾತೂ ಇದೆ. ಡೆಮಾಕ್ರಟರಲ್ಲಿ 1972ರಿಂದ ಅಯೋವಾ ಮೊದಲು ಎಂಬುದು ಸರಿ. ಆದರೆ ಅದೇ ಪಕ್ಷ 2024ರಲ್ಲಿ ಅಯೋವಾವನ್ನು ಮೊದಲ ಸ್ಥಾನದಿಂದ ಇಳಿಸಿದ ಮೇಲೂ ಬೈಡನ್ ಆಡಳಿತ ವಿಮಾನ ಇಂಧನದ ತೆರಿಗೆ ರಿಯಾಯಿತಿಗೆ ಮೆಕ್ಕೆಜೋಳದ ಎಥನಾಲ್‌ಗೆ ದಾರಿ ಬಿಟ್ಟಿತು. 2025ರ ಜುಲೈಯ ತೆರಿಗೆ ಕಾನೂನು ಸ್ವಚ್ಛ ಇಂಧನದ ರಿಯಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಬಾಗಲೇಬೇಕು ಎಂಬುದಕ್ಕೂ ಸಾಕ್ಷಿ ಇಲ್ಲ. ಸಬ್ಸಿಡಿಯನ್ನೂ ಕಡ್ಡಾಯವನ್ನೂ ಒಪ್ಪದ ರಾನ್ ಪಾಲ್ 2012ರ ಜನವರಿಯಲ್ಲಿ ಅಯೋವಾದಲ್ಲಿ ಶೇ 21ರಷ್ಟು ಮತ ಪಡೆದು ಮೂರನೆಯವರಾದರು. 2016ರಲ್ಲಿ ಟೆಡ್ ಕ್ರೂಜ್ ಕಡ್ಡಾಯ ಕೊನೆಗಾಣಬೇಕು ಎಂದೇ ಅಲ್ಲಿಗೆ ಹೋದರು. ಗವರ್ನರ್ ಟೆರಿ ಬ್ರಾನ್‌ಸ್ಟಾಡ್ ಬಹಿರಂಗವಾಗಿ ಅವರನ್ನು ಸೋಲಿಸಿ ಎಂದರು. ಒತ್ತಡಕ್ಕೆ ಕ್ರೂಜ್ ಕೂಡ ಮಾತನ್ನು ಮೆದುಗೊಳಿಸಿದ್ದುಂಟು; 2022ರವರೆಗೆ ಹಂತ ಹಂತವಾಗಿ ಎಂದರು, ಎಥನಾಲ್‌ಗೆ ಇರುವ ನಿಯಂತ್ರಣದ ಗೋಡೆ ಕೆಡವುವೆ ಎಂದರು. ಆದರೂ ಕಡ್ಡಾಯ ಇರಲಿ ಎನ್ನಲಿಲ್ಲ. ಫೆಬ್ರವರಿ 1ರಂದು ಶೇ 27.6 ಮತಗಳೊಂದಿಗೆ ಗೆದ್ದರು. ಎಥನಾಲ್ ಹೆಚ್ಚಿಸುತ್ತೇನೆ ಎಂದಿದ್ದ ಟ್ರಂಪ್ ಎರಡನೆಯವರಾದರು. ಕ್ರೂಜ್ ಗೆದ್ದದ್ದು ಎಥನಾಲ್ ವಿರೋಧಿಸಿದ್ದಕ್ಕಲ್ಲ, ಧಾರ್ಮಿಕ ಮತದಾರರ ಬಲದಿಂದ ಎಂದು ಹೇಳಬಹುದು. ನಾನೂ ಅದನ್ನೇ ಹೇಳುತ್ತಿದ್ದೇನೆ. ಮೆಕ್ಕೆಜೋಳದ ನಾಡಿನ ಮತದಾರರಿಗೆ ದೇವರು, ಶಾಲೆ, ಯುದ್ಧ, ಆಸ್ಪತ್ರೆ ಎಲ್ಲವೂ ಮುಖ್ಯ. ಎಥನಾಲ್ ಒಂದರ ಮೇಲೆ ಓಟು ಹಾಕುವ ಏಕಬುದ್ಧಿಯವರು ಎಂದು ಅವರನ್ನು ಭಾವಿಸಿದ್ದು ಅಭ್ಯರ್ಥಿಗಳು.

ಎಥನಾಲ್ ಪರವಾದ ಬಲವಾದ ವಾದವನ್ನು ಮರೆತರೆ ಅನ್ಯಾಯವಾದೀತು. 1980ರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ಅಯೋವಾದಲ್ಲಿ ಹೊಲಗಳು ಹರಾಜಾದವು, ಊರುಗಳು ಬರಿದಾದವು. ಆಮೇಲೆ ರೈತರು ಕೂಡಿ ಷೇರು ಹಾಕಿ ಕಟ್ಟಿದ ಸ್ಥಾವರಗಳು ಹಳ್ಳಿಗಳಿಗೆ ಕೆಲಸ ತಂದವು, ತಗ್ಗಿದ ಬೆಲೆಗೆ ಆಸರೆಯಾದವು. ಆ ಕೃತಜ್ಞತೆ ನಿಜವಾದದ್ದು, ಅದನ್ನು ಲಾಬಿ ಎಂದು ಹೀಗಳೆಯುವವರು ಹಳ್ಳಿಯನ್ನು ಅರಿತವರಲ್ಲ. ಅಯೋವಾದ ಚಕ್ ಗ್ರಾಸ್ಲಿ, ಟಾಮ್ ಹಾರ್ಕಿನ್ ಇಬ್ಬರೂ ಬೇರೆ ಬೇರೆ ಪಕ್ಷದವರಾಗಿ ದಶಕಗಳ ಕಾಲ ಎಥನಾಲ್ ಪರ ನಿಂತರು, ವಾಷಿಂಗ್ಟನ್‌ನಲ್ಲೂ ಅದನ್ನೇ ಹೇಳಿದರು. ಅವರ ನೀತಿಯನ್ನು ನಾನು ಒಪ್ಪದಿದ್ದರೂ ನಡೆಯಲ್ಲಿ ಕುಂದು ಕಾಣುವುದಿಲ್ಲ. ಅವರೊಂದಿಗೆ ವಾದಿಸಬಹುದು, ಸೋಲಿಸಬಹುದು, ಒಪ್ಪಂದಕ್ಕೂ ಬರಬಹುದು. 2011ರ ಜೂನ್‌ನಲ್ಲಿ ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ವೆಚ್ಚದ ತೆರಿಗೆ ರಿಯಾಯಿತಿಯನ್ನು ನಿಲ್ಲಿಸಲು ಸೆನೆಟ್ 73–27ರಿಂದ ಮತ ಹಾಕಿದ್ದು, ವರ್ಷದ ಕೊನೆಗೆ ಅದು ಕಣ್ಮರೆಯಾದದ್ದು, ಉದ್ಯಮ ಅದಿಲ್ಲದೆಯೂ ಉಳಿದದ್ದು ಬಯಲಿನ ವಾದದಿಂದ ಏನು ಸಾಧ್ಯ ಎಂಬುದನ್ನು ತೋರಿಸುತ್ತವೆ. ಸೆನೆಟ್‌ನ ಆ ಮತದಾನಕ್ಕೆ ಒಂದು ತಿಂಗಳ ಮೊದಲು ಟಿಮ್ ಪಾಲೆಂಟಿ ಡೆ ಮೊಯಿನ್‌ನಲ್ಲೇ ನಿಂತು ಸ್ಪರ್ಧೆ ಘೋಷಿಸುತ್ತ ಸಬ್ಸಿಡಿ ಹಂತ ಹಂತವಾಗಿ ಹೋಗಬೇಕು ಎಂದಿದ್ದರು. ಮಿನೆಸೋಟ ಗವರ್ನರ್ ಆಗಿ ಎಥನಾಲ್‌ಗೆ ಬೆನ್ನೆಲುಬಾಗಿದ್ದವರು ಅವರು, ಅವರದೂ ಬದಲಾವಣೆಯೇ. ಆದರೆ ಆ ಬದಲಾವಣೆಯನ್ನು ಕೇಳಲು ಇಷ್ಟವಿಲ್ಲದವರ ಎದುರಿಗೇ ಅವರು ಹೇಳಿದರು. ಸ್ಪರ್ಧೆಯಿಂದ ಬೇಗ ಹೊರಬಿದ್ದರು, ನಿಜ. ಆ ಮಾತಿನಿಂದಾಗಿಯೇ ಎನ್ನಲು ಕಾರಣವಿಲ್ಲ. ಎಲ್ಲ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಪಾಲೆಂಟಿಗೂ ವಾಕರ್‌ಗೂ ಇರುವ ವ್ಯತ್ಯಾಸವನ್ನು ಅಳಿಸಿಹಾಕುತ್ತಾರೆ.

ಇದು ದೂರದ ನಾಡಿನ ಕಥೆಯೆಂದು ಕನ್ನಡದ ಓದುಗರು ಸುಮ್ಮನಿರುವಂತಿಲ್ಲ. ಅಲ್ಲಿನ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್ 2025ರ ಸೆಪ್ಟೆಂಬರ್‌ನಲ್ಲಿ, 140 ಕೋಟಿ ಜನರ ಭಾರತ ಅಮೆರಿಕದ ಒಂದು ಬುಷಲ್ ಮೆಕ್ಕೆಜೋಳವನ್ನೂ ಏಕೆ ಕೊಳ್ಳುವುದಿಲ್ಲ ಎಂದು ಕೇಳಿದರು. ಅದೇ ವರ್ಷದ ಕೊನೆಯಲ್ಲಿ ನಮ್ಮ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳದ ದರ ಕ್ವಿಂಟಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿತ್ತು. ನಮ್ಮಲ್ಲೂ ಎಥನಾಲ್ ಎಂದರೆ ಆಜ್ಞೆಯ ಮಾರುಕಟ್ಟೆಯೇ. ಮಳೆ ಕೈಕೊಟ್ಟ 2023ರ ಡಿಸೆಂಬರ್ 7ರಂದು, ಲೋಕಸಭೆ ಚುನಾವಣೆಗೆ ಕೆಲವೇ ತಿಂಗಳಿರುವಾಗ, ಕಬ್ಬಿನ ರಸದಿಂದ ಎಥನಾಲ್ ತೆಗೆಯುವುದನ್ನು ಕೇಂದ್ರ ಒಂದು ಆದೇಶದಿಂದ ನಿಲ್ಲಿಸಿತು. ಗದ್ದಲವಾದಾಗ ಸುಮಾರು ಒಂದು ವಾರದಲ್ಲಿ ಮಿತಿ ಹಾಕಿ ಸಡಿಲಿಸಿತು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತಾಗ ರಾಜ್ಯ ಸರ್ಕಾರ ಎಥನಾಲ್ ಹಂಚಿಕೆಯ ಕಡೆಗೆ, ಅಂದರೆ ಕೇಂದ್ರದ ಕಡೆಗೆ, ಬೆರಳು ತೋರಿಸಿತು. ಕೇಂದ್ರ ಅದನ್ನು ಅಲ್ಲಗಳೆಯಿತು. ಡಿಸ್ಟಿಲರಿಗಳ ಲೆಕ್ಕವನ್ನು ರೈತರ ಮುಂದೆ ಬಿಚ್ಚಿಟ್ಟು ಮಾತಾಡಿದ ಪಕ್ಷ ನಮ್ಮಲ್ಲೂ ಕಾಣಲಿಲ್ಲ.

ಅಯೋವಾಕ್ಕೆ 2028ರ ಅಭ್ಯರ್ಥಿಗಳು ಬರುತ್ತಾರೆ. ಅವರಿಗೆ ಎಥನಾಲ್ ಬೇಕೋ ಬೇಡವೋ ಎಂದಷ್ಟೇ ಕೇಳಿ ಕೈಎತ್ತಿಸುವುದನ್ನು ಪತ್ರಕರ್ತರೂ ಸಂಘಟನೆಗಳೂ ಬಿಡಬೇಕು. ಬೆಂಬಲಿಸುವುದಾದರೆ, ವಿದ್ಯುತ್ ಕಾರುಗಳು ಹೆಚ್ಚಿ ಪೆಟ್ರೋಲ್ ಬಳಕೆ ಇಳಿದರೆ 1,500 ಕೋಟಿ ಗ್ಯಾಲನ್ ಎಲ್ಲಿಗೆ ಹೋಗಬೇಕು, ಗೇಣಿದಾರನಿಗೆ ಇದರಲ್ಲಿ ಎಷ್ಟು ಸಿಗುತ್ತದೆ, ನೈಟ್ರೇಟ್ ತೆಗೆಯುವ ಖರ್ಚು ಯಾರದು, ಕೊಳವೆಗೆ ಒಪ್ಪದವನ ಹೊಲವನ್ನು ಕಿತ್ತುಕೊಳ್ಳುವುದು ಸರಿಯೋ ಎಂದು ಕೇಳಬೇಕು. ವಿರೋಧಿಸುವುದಾದರೆ, ಮಾರುಕಟ್ಟೆ ಕುಗ್ಗುವ ವರ್ಷಗಳಲ್ಲಿ ಸಾಲ ಹೊತ್ತ ಹೊಲದವರಿಗೆ ಏನು ಮಾಡುತ್ತೀರಿ ಎಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಸೆನೆಟ್‌ನಲ್ಲೋ ತಮ್ಮ ರಾಜ್ಯದಲ್ಲೋ ಈ ಹಿಂದೆ ಹಾಕಿದ ಮತವನ್ನು ಆ ಸಭೆಯಲ್ಲೇ ಓದಿಸಬೇಕು, ಅಲ್ಲಿ ಕೊಟ್ಟ ಉತ್ತರವನ್ನು ಮುಂದಿನ ವಾರ ನ್ಯೂಹ್ಯಾಂಪ್‌ಶೈರ್‌ನಲ್ಲಿ ಅವರೆದುರಿಗೇ ಮತ್ತೆ ಇಡಬೇಕು.